ಊರಿಗೊಂದು ಅಂಕೆ



ನಮ್ಮ ಸಂಘದ ಷೇರು ರಿಜಿಸ್ಟರಿನಲ್ಲಿ ಪ್ರತಿಯೊಬ್ಬ ಸದಸ್ಯರಿಗೂ ಒಂದು ನಂಬರ್ ಇದೆ. ಬಸಪ್ಪ ಎಂಬ ಹೆಸರಿನವರು ನಾಲ್ವರಿದ್ದರೂ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬೀಳದಿರುವುದು ಆ ನಂಬರಿನಿಂದಲೇ. ಊರುಗಳ ಸಂಗತಿಯೂ ಹಾಗೇ. ಹೊಸಹಳ್ಳಿ, ರಾಮಪುರ ಎಂಬ ಊರುಗಳು ನಾಡಿನಲ್ಲಿ ಎಷ್ಟಿಲ್ಲ! ಊರುಗಳಿಗೆ ಅಂಕೆ ಬಂದ ಬಗೆಯನ್ನು ಈ ಬೆಳ್ಳಿಹಬ್ಬದ ಸಂದರ್ಭದಲ್ಲಿ ಸ್ವಲ್ಪ ನೆನೆಯೋಣ.

ನಾಡಿಗೆ ಅಂಕೆ ಸೇರಿಸಿ ಹೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಸಾವಿರ ವರ್ಷಗಳ ಹಿಂದಿನ ಶಾಸನಗಳಲ್ಲಿ ಬನವಾಸಿ 12000, ಗಂಗವಾಡಿ 96000, ಬೆಳ್ವೊಲ 300 ಎಂದು ಕಾಣುತ್ತೇವೆ. ಈ ಅಂಕೆ ಹಳ್ಳಿಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ದೊಡ್ಡ ನಾಡಿನೊಳಗೆ ಚಿಕ್ಕ ನಾಡು, ಅದರೊಳಗೆ ಕಂಪಣ, ಅದರೊಳಗೆ ಊರು ಎಂಬ ಏರ್ಪಾಡು ಆಗಲೇ ಇತ್ತು. ಬ್ರಿಟಿಷರ ಕಾಲದ ಭೂಮಾಪನದಿಂದ ಹೊಲಗಳಿಗೂ ನಂಬರ್ ಬಂತು. ಸರ್ವೆ ನಂಬರ್ 45, ಹಿಸ್ಸಾ 2 ಎಂದರೆ ಸಾಕು, ಯಾವ ತುಂಡು ಎಂಬುದು ರೈತನಿಗೆ ತಿಳಿದುಹೋಗುತ್ತದೆ.

ಅಂಚೆಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದವರು ಸಂಪರ್ಕ ಸಚಿವಾಲಯದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು. ಆರು ಅಂಕೆಗಳಲ್ಲಿ ಮೊದಲನೆಯದು ವಲಯ, ನಮ್ಮದು 5. ಮೊದಲೆರಡು ಸೇರಿದರೆ 56ರಿಂದ 59ರವರೆಗೆ ಕರ್ನಾಟಕ. ಮೊದಲ ಮೂರು, ಕಾಗದಗಳನ್ನು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು, ಬಟವಾಡೆ ಮಾಡುವ ಅಂಚೆ ಕಚೇರಿ. 570001 ಎಂದರೆ ಮೈಸೂರು, 580001 ಎಂದರೆ ಧಾರವಾಡ. ಆದರೆ ಒಂದೇ ಪಿನ್ ಹತ್ತಾರು ಹಳ್ಳಿಗಳಿಗೆ ಇರುವುದುಂಟು.

ಹಳ್ಳಿಗೇ ಸ್ವಂತ ಅಂಕೆ ಸಿಗುವುದು ಜನಗಣತಿಯಲ್ಲಿ. 2011ರ ಗಣತಿಯಲ್ಲಿ ರಾಜ್ಯಕ್ಕೆ ಎರಡು ಅಂಕೆ (ಕರ್ನಾಟಕಕ್ಕೆ 29), ಜಿಲ್ಲೆಗೆ ಮೂರು, ತಾಲ್ಲೂಕಿಗೆ ಐದು, ಗ್ರಾಮಕ್ಕೆ ಆರು. ಗ್ರಾಮದ ಆರಂಕಿ ದೇಶದಲ್ಲಿ ಇನ್ನೊಂದು ಗ್ರಾಮಕ್ಕೆ ಇಲ್ಲ. ಇದರ ಲಾಭ ದೊಡ್ಡದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೀಗೆ ಜಿಲ್ಲೆ ಬದಲಾದರೂ ಊರಿನ ಅಂಕೆ ಬದಲಾಯಿಸಬೇಕಿಲ್ಲ, ಹಳೆಯ ಲೆಕ್ಕಕ್ಕೆ ಹೊಸದನ್ನು ಹೊಂದಿಸಿ ನೋಡಬಹುದು.

ಹಾಗಾದರೆ ಅಂಕೆಯೇ ಇಲ್ಲದ ಊರಿನ ಗತಿ ಏನು? ತಾಂಡಾ, ಹಟ್ಟಿ, ಹಾಡಿಗಳಲ್ಲಿ ಜನ ತಲೆತಲಾಂತರದಿಂದ ಬಾಳಿದ್ದಾರೆ. ಮನೆ ಇದೆ, ಗುಡಿ ಇದೆ, ಮಕ್ಕಳು ಮರಿ ಇದ್ದಾರೆ. ಆದರೆ ಇಂಥ ಎಷ್ಟೋ ಊರುಗಳು ಕಂದಾಯದ ಕಾಗದದಲ್ಲಿ ಪಕ್ಕದ ಗ್ರಾಮದ ಒಂದು ಸರ್ವೆ ನಂಬರ್ ಅಷ್ಟೇ. ಹಕ್ಕುಪತ್ರವಿಲ್ಲದ ಮನೆಯನ್ನು ಅಡವಿಟ್ಟುಕೊಂಡು ಸಾಲ ಕೊಡೋಣವೆಂದರೆ ಯಾವ ಸಂಘಕ್ಕೂ ಆಗುವ ಮಾತಲ್ಲ. ಇಂಥ ಊರುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಮ್ಮ ರಾಜ್ಯದಲ್ಲಿ ನಡೆದಿದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯ ನಡೆಯಿತು. ಆ ಮನೆಯವರ ಪಾಲಿಗೆ ಊರಿನ ಅಂಕೆ ಎಂದರೆ ಸೂರಿನ ಭದ್ರತೆ.

ಆದ್ದರಿಂದ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಪಹಣಿ ಕೈಗೆ ಬಂದಾಗ ಬೆಳೆಯ ಕಾಲಂ ನೋಡಿ ಮಡಚಿಡಬೇಡಿ. ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್ ಎಲ್ಲ ಸರಿಯಾಗಿವೆಯೇ ನೋಡಿ. ಓದು ಬಾರದ ನೆರೆಯವರಿಗೂ ಓದಿ ಹೇಳಿ. ಒಬ್ಬರ ತಪ್ಪನ್ನು ಇನ್ನೊಬ್ಬರು ಕಂಡು ತಿದ್ದಿಸುವುದೂ ಸಹಕಾರವೇ ಅಲ್ಲವೇ?