ಉಡುಗೆಯ ಮರೆಯ ಆಯುಧ

ಚನ್ನಗಿರಿ ತಾಲೂಕಿನ ನಲ್ಲೂರು ಸೀಮೆಯಲ್ಲಿ ಅಡಕೆಯ ತೋಟಕ್ಕೆ ಹೊರಟ ಆಳು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರ ನಡುಬೀದಿಯಲ್ಲಿಯೇ ನಡೆಯುತ್ತಾನೆ. ಅವನನ್ನು ಕಂಡು ಯಾರೂ ಬೆದರುವುದಿಲ್ಲ. ಅದೇ ಕುಡುಗೋಲನ್ನು ಹೊದೆದ ಕಂಬಳಿಯೊಳಗೆ ಅಡಗಿಸಿಕೊಂಡು ಅವನು ನೆರೆಮನೆಯ ಜಗಲಿಯನ್ನೇರಿದನೆಂದರೆ ಕೇರಿಯೇ ಬೆಚ್ಚಿಬೀಳುವುದು. ಅಲಗು ಅದೇ, ಹಿಡಿದ ಕೈಯೂ ಅದೇ. ಮರೆಯೊಂದು ಸೇರಿದುದರಿಂದ ಅದರ ಅರ್ಥವು ಬೇರೆಯಾಯಿತು. ಕಣ್ಣಿಗೆ ಕಾಣುವ ಆಯುಧಕ್ಕೂ ಉಡುಗೆಯ ಮರೆಯಿಂದ ತಟಕ್ಕನೆ ಹೊರಬರುವ ಆಯುಧಕ್ಕೂ ನಡುವಣ ಈ ಅಂತರವನ್ನು ನಮ್ಮ ನಾಡಿನ ಇತಿಹಾಸದಲ್ಲಿ ಹಿಂಬಾಲಿಸಿ ನೋಡುವುದು ಪ್ರಯೋಜನಕರವಾಗಿದೆ.

ಪ್ರಾಚೀನ ಕರ್ಣಾಟಕದಲ್ಲಿ ಶೂರನಾದವನು ಆಯುಧವನ್ನು ಮರೆಮಾಡುತ್ತಿರಲಿಲ್ಲ. ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ ಸಾಕು: ತುರುಗಳನ್ನು ಮರಳಿಸಲು ಹೋದವನ ಬಿಲ್ಲು, ಕತ್ತಿ, ನಡುವಿನ ಸುರಗಿ ಎಲ್ಲವೂ ಎದ್ದು ಕಾಣುವಂತೆ ಶಿಲ್ಪಿಯು ಕಡೆದಿರುತ್ತಾನೆ. ಕೊಡಗಿನಲ್ಲಿ ಈ ಸಂಪ್ರದಾಯವು ಇಂದಿಗೂ ಉಳಿದಿದೆ. ಕೊಡವನು ಕುಪ್ಪಸದ ಮೇಲೆ ಚೇಲೆಯನ್ನು ಬಿಗಿದು, ಬೆಳ್ಳಿಯ ಕೆಲಸದ ಪೀಚೆಕತ್ತಿಯನ್ನು ಅದರ ಮುಂಭಾಗದಲ್ಲಿ, ನೋಡಿದವರಿಗೆಲ್ಲ ಕಾಣುವಂತೆ ಸಿಕ್ಕಿಸುತ್ತಾನೆ. ಮದುವೆಯ ದಿನ ವರನೂ ಹಾಗೆಯೇ ನಿಲ್ಲುತ್ತಾನೆ. ಅಲ್ಲಿ ಆಯುಧವೆಂದರೆ ಗೌರವವೇ ಹೊರತು ಭಯವಲ್ಲ.

ಮರೆಯ ಆಯುಧದ ವಿಷಯವನ್ನು ನಮ್ಮ ಪೂರ್ವಿಕರು ಅರಿಯದವರೇನೂ ಅಲ್ಲ. ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಂತಃಪುರದ ರಕ್ಷಣೆಯನ್ನು ಕುರಿತ ಒಂದು ಪ್ರಕರಣವಿದೆ. ನಂಬಿದವರಿಂದಲೇ ಹತರಾದ ಅರಸರ ಪಟ್ಟಿಯನ್ನು ಗ್ರಂಥಕಾರನು ಅಲ್ಲಿ ಕೊಡುತ್ತಾನೆ. ಒಬ್ಬನು ರಾಣಿಯ ಮನೆಯಲ್ಲಿ ಅಡಗಿದ್ದ ಸೋದರನಿಂದ, ಇನ್ನೊಬ್ಬನು ತಾಯಿಯ ಹಾಸಿಗೆಯ ಮರೆಯಲ್ಲಿದ್ದ ಮಗನಿಂದ ಮಡಿದರು. ವಿಡೂರಥನೆಂಬ ಅರಸನನ್ನು ಅವನ ರಾಣಿಯೇ ತನ್ನ ಜಡೆಯೊಳಗೆ ಬಚ್ಚಿಟ್ಟಿದ್ದ ಶಸ್ತ್ರದಿಂದ ಕೊಂದಳು. ಈ ಪಟ್ಟಿಯಲ್ಲಿ ಹೊರಗಿನ ಶತ್ರುವೊಬ್ಬನೂ ಇಲ್ಲದಿರುವುದು ಗಮನಾರ್ಹವಾಗಿದೆ. ಗೂಢಶಸ್ತ್ರವು ಪ್ರಯೋಗವಾಗಬೇಕಾದರೆ ಮೊದಲು ಸಮೀಪವು ಬೇಕು. ಸಮೀಪವು ದೊರೆಯುವುದು ವಿಶ್ವಾಸದಿಂದ ಮಾತ್ರ.

ವಿಜಯನಗರದ ಎರಡನೆಯ ದೇವರಾಯನ ಮೇಲೆ ನಡೆದ ಆಕ್ರಮಣವು ಇದಕ್ಕೆ ತಕ್ಕ ದೃಷ್ಟಾಂತವಾಗಿದೆ. 1443ರಲ್ಲಿ ರಾಜಧಾನಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ತಾನು ಇನ್ನೂ ಕಲ್ಲೀಕೋಟೆಯಲ್ಲಿದ್ದಾಗ ನಡೆದುದೆಂದು ಈ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಅರಸನ ಸೋದರನು ಹೊಸ ಮನೆಯನ್ನು ಕಟ್ಟಿಸಿ, ಪ್ರಮುಖರನ್ನೆಲ್ಲ ಔತಣಕ್ಕೆ ಕರೆದನು. ಭೇರಿ ಕಹಳೆಗಳ ಅಬ್ಬರದಲ್ಲಿ ಒಬ್ಬೊಬ್ಬರನ್ನಾಗಿ ಒಳಕ್ಕೆ ಕರೆದೊಯ್ದು ಕೊಲ್ಲಿಸಿದನು. ಒಳಗಿನ ಕೂಗು ಹೊರಗಿನವರಿಗೆ ಕೇಳಿಸಲಿಲ್ಲ. ಬಳಿಕ ತಾನೇ ಅರಮನೆಗೆ ಹೋಗಿ ಅಣ್ಣನನ್ನೂ ಆಹ್ವಾನಿಸಿದನು. ಅರಸನು ದೇಹಾಲಸ್ಯವೆಂದು ಒಲ್ಲೆನೆನ್ನಲು, ಬಾಕುವನ್ನು ಸೆಳೆದು ಹಲವು ಬಾರಿ ಇರಿದನು. ಅರಸನು ಸಿಂಹಾಸನದ ಹಿಂದಕ್ಕೆ ಉರುಳಿದನು. ಸತ್ತನೆಂದು ಬಗೆದ ದ್ರೋಹಿಯು, ತಲೆಯನ್ನು ಕೊಯ್ಯಲು ಒಬ್ಬ ಆಪ್ತನನ್ನು ಬಿಟ್ಟು, ತಾನೇ ದೊರೆಯೆಂದು ಸಾರಲು ಹೊರಗೆ ಹೋದನು. ಆದರೆ ದೇವರಾಯನು ಸತ್ತಿರಲಿಲ್ಲ. ಕೈಗೆ ಸಿಕ್ಕಿದ ಆಸನದಿಂದಲೇ ಆ ಬಂಟನನ್ನು ಹೊಡೆದು ಕೆಡಹಿ, ರಕ್ತಸಿಕ್ತನಾಗಿಯೇ ಜನರಿಗೆ ಕಾಣಿಸಿಕೊಂಡು, ದ್ರೋಹಿಯನ್ನು ಹಿಡಿಯಿರೆಂದು ಕೂಗಿದನು. ಜನರು ಅವನನ್ನು ಅಲ್ಲಿಯೇ ಕೊಂದರು. ಅಲಗಿನ ಕಾಲವದು, ಮರೆಯಿಂದ ಸೆಳೆದ ಆಯುಧಕ್ಕೂ ಎದೆಗಾರಿಕೆಯಿಂದ ಉತ್ತರ ಕೊಡುವ ಅವಕಾಶವಿತ್ತು.

ಎರಡು ಶತಮಾನಗಳ ಅನಂತರದ ಪ್ರಸಂಗವು ಬಿಜಾಪುರದ ಸೇನಾನಿ ಅಫಜಲಖಾನನದು. 1638ರ ಸುಮಾರಿನ ಕರ್ಣಾಟಕದ ದಂಡಯಾತ್ರೆಯ ಕಾಲದಲ್ಲಿ, ಶರಣಾಗಲು ಬಂದ ಶಿರದ ಅರಸು ಕಸ್ತೂರಿರಂಗನಾಯಕನನ್ನು ಭೇಟಿಯ ಸಮಯದಲ್ಲಿಯೇ ಕೊಲ್ಲಿಸಿದನೆಂಬ ಅಪಕೀರ್ತಿಯು ಖಾನನಿಗೆ ಅಂಟಿಕೊಂಡಿತ್ತು. ಆ ಸುದ್ದಿಯು ಸಹ್ಯಾದ್ರಿಯನ್ನು ದಾಟಿ ಶಿವಾಜಿಯ ಕಿವಿಗೂ ಬಿದ್ದಿತ್ತು. 1659ರ ನವೆಂಬರ್ 10ರಂದು ಪ್ರತಾಪಗಡದ ತಪ್ಪಲಿನ ಡೇರೆಯಲ್ಲಿ ಉಭಯರೂ ಭೇಟಿಯಾದಾಗ ಶಿವಾಜಿಯು ಅಂಗಿಯೊಳಗೆ ಕಬ್ಬಿಣದ ಬಲೆಯ ಕವಚವನ್ನೂ, ರುಮಾಲಿನೊಳಗೆ ಉಕ್ಕಿನ ಟೊಪ್ಪಿಗೆಯನ್ನೂ ಧರಿಸಿದ್ದನು. ಎಡಗೈಯ ಬೆರಳುಗಳ ಮರೆಯಲ್ಲಿ ವ್ಯಾಘ್ರನಖವೂ, ಬಲದೋಳಿನ ಮರೆಯಲ್ಲಿ ಬಿಚವಾ ಎಂಬ ಕಿರುಬಾಕುವೂ ಇದ್ದವು. ಆಲಿಂಗನದಲ್ಲಿ ಖಾನನು ಕೊರಳನ್ನು ಅದುಮಿ ಕಠಾರಿಯಿಂದ ಇರಿದನೆಂದೂ, ಕವಚವು ಉಳಿಸಿತೆಂದೂ ಮರಾಠಿ ಬಖರುಗಳು ಹೇಳುತ್ತವೆ. ಮೊದಲು ಹೊಡೆದವನು ಶಿವಾಜಿಯೇ ಎಂದು ಪಾರಸಿ ಇತಿಹಾಸಕಾರರ ಮತವು. ಎರಡು ಪಕ್ಷಗಳೂ ಒಪ್ಪುವ ಅಂಶವೊಂದಿದೆ: ಅಪ್ಪುಗೆಗೆ ಚಾಚಿದ ತೋಳುಗಳ ನಡುವೆಯೇ ಕೊಲೆಯು ನಡೆಯಿತು. ಶಿರದಲ್ಲಿ ಮುರಿದ ವಿಶ್ವಾಸದ ಫಲವು ಪ್ರತಾಪಗಡದಲ್ಲಿ ಪಕ್ವವಾಯಿತೆಂದು ಹೇಳಿದರೆ ತಪ್ಪಾಗಲಾರದು.

ಇಲ್ಲಿ ಆಯುಧಗಳ ರಚನೆಯನ್ನೂ ಸ್ವಲ್ಪ ವಿಚಾರಿಸಬೇಕು. ಮರೆಮಾಡುವ ಬಟ್ಟೆಯೇ ಆಯುಧವನ್ನು ಸೆಳೆಯುವಾಗ ಅಡ್ಡಿಯಾಗುವುದು ಗೂಢಶಸ್ತ್ರದ ಸಹಜವಾದ ತೊಡಕು. ಉದ್ದವಾದ ಖಡ್ಗವು ನಿಲುವಂಗಿಯೊಳಗೆ ಅಡಗದು. ಅಡಗಿದರೂ ಒರೆಯಿಂದ ಬರುವಷ್ಟರಲ್ಲಿ ಎದುರಾಳಿಯು ಎಚ್ಚೆತ್ತಿರುತ್ತಾನೆ. ಬಾಕು ಗಿಡ್ಡವಾಗಿರುವುದು ಈ ಕಾರಣದಿಂದ. ವ್ಯಾಘ್ರನಖವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಬೆರಳಿಗೆ ಉಂಗುರದಂತೆ ಕೂತು ಅಂಗೈಯೊಳಗೆ ಅಡಗುವುದರಿಂದ ಅದನ್ನು ಸೆಳೆಯಬೇಕಾದ ಪ್ರಮೇಯವೇ ಇಲ್ಲ.

ಸಿಡಿಮದ್ದಿನ ಆಯುಧವು ಬಹುಕಾಲ ಈ ಮರೆಗೆ ಒಗ್ಗಲಿಲ್ಲ. ಉರಿಯುವ ಬತ್ತಿಯಿಂದ ಹಾರಿಸುವ ಕೋವಿಯನ್ನು ಉಡುಗೆಯೊಳಗೆ ಇಟ್ಟುಕೊಳ್ಳುವವರುಂಟೆ? ಹದಿನಾರನೆಯ ಶತಮಾನದಲ್ಲಿ ಐರೋಪ್ಯರು ಉಕ್ಕಿನ ಚಕ್ರವನ್ನು ತಿರುಗಿಸಿ ಕಿಡಿಯೆಬ್ಬಿಸುವ ಯಂತ್ರವನ್ನು ಕಂಡುಹಿಡಿದ ಮೇಲೆ, ಮದ್ದು ತುಂಬಿ ಸಿದ್ಧವಾದ ಪಿಸ್ತೂಲು ಅಂಗಿಯೊಳಗೆ ಸೇರಿತು. ಆ ಶತಮಾನದ ಆದಿಯಲ್ಲಿಯೇ ಚಕ್ರವರ್ತಿ ಮಾಕ್ಸಿಮಿಲಿಯನನು ಇಂತಹ ಕೋವಿಗಳನ್ನು ನಿಷೇಧಿಸಿದುದು ವ್ಯರ್ಥವಾಯಿತು. 1584ರ ಜುಲೈ 10ರಂದು ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಆರೆಂಜಿನ ವಿಲಿಯಮನು, ತನ್ನ ಆಶ್ರಯ ಪಡೆದಿದ್ದವನ ಪಿಸ್ತೂಲಿಗೆ ತನ್ನ ಮನೆಯ ಮೆಟ್ಟಿಲುಗಳ ಬಳಿಯೇ ಬಲಿಯಾದನು. 1900ರ ಸುಮಾರಿಗೆ ಬಂದ ಬ್ರೌನಿಂಗ್ ಪಿಸ್ತೂಲಿನ ಮೈ ಚಪ್ಪಟೆಯಾಗಿದ್ದಿತು. ಬಟ್ಟೆಗೆ ತೊಡರುವ ಕುದುರೆಯೂ ಹೊರಗೆ ಚಾಚಿರಲಿಲ್ಲ. ವ್ಯಾಘ್ರನಖದಂತೆ ಇದೂ ಅಂಗೈಗೆ ಹತ್ತಿರವಾಯಿತು.

ಇತ್ತ ಭಾರತದಲ್ಲಿ ಕಾಣುವ ಆಯುಧವು ರಾಜಶಾಸನದಿಂದ ಮರೆಯಾಯಿತು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಆಯುಧವು ಅವರಿಗೆ ಅನ್ನವೂ ಮಾನವೂ ಆಗಿದ್ದಿತು. ನವೆಂಬರ್ ಕಡೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕಿದವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. 1878ರ ಶಸ್ತ್ರಶಾಸನವು ದೇಶವನ್ನೆಲ್ಲ ಬರಿಗೈ ಮಾಡಿತು. ಕೊಡವರಿಗೆ ಮಾತ್ರ 1861ರಿಂದಲೇ ವಿನಾಯಿತಿಯಿದ್ದಿತು. ಸೊಂಟದಲ್ಲಿ ಇರಬಾರದೆಂದ ಆಯುಧವು ಉಡುಗೆಯೊಳಕ್ಕೆ ಇಳಿಯಿತು.

ಅದರ ಫಲವನ್ನು ಆಳುವವರು ಬೇಗನೆ ಕಂಡರು. 1909ರ ಡಿಸೆಂಬರ್ 21ರಂದು ನಾಸಿಕದ ನಾಟಕಶಾಲೆಯಲ್ಲಿ, ಸಂಸ್ಕೃತಜ್ಞನೆಂದು ಹೆಸರಾಗಿದ್ದ ಕಲೆಕ್ಟರ್ ಜಾಕ್ಸನನು ಅನಂತ ಕಾನ್ಹೇರೆಯ ಬ್ರೌನಿಂಗ್ ಪಿಸ್ತೂಲಿಗೆ ಗುರಿಯಾದನು. 1931ರ ಜುಲೈ 22ರಂದು, ಧಾರವಾಡ, ಬೆಳಗಾವಿ, ಬಿಜಾಪುರಗಳೂ ಸೇರಿದ್ದ ಮುಂಬಯಿ ಪ್ರಾಂತದ ಹಂಗಾಮಿ ಗವರ್ನರ್ ಹಾಟ್ಸನನ ಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವಿದ್ಯಾರ್ಥಿ ವಾಸುದೇವ ಗೋಗಟೆಯು ಗುಂಡು ಹಾರಿಸಿದನು. ಎದೆಯ ಮೇಲಿದ್ದ ಸಣ್ಣ ಲೋಹದ ವಸ್ತುವೊಂದು ಗವರ್ನರನನ್ನು ಉಳಿಸಿತು. ಅದೇ ವರ್ಷದ ಡಿಸೆಂಬರ್ 14ರಂದು ಕುಮಿಲ್ಲಾದಲ್ಲಿ ಶಾಂತಿ ಘೋಷ್, ಸುನೀತಿ ಚೌಧುರಿ ಎಂಬ ಇಬ್ಬರು ಶಾಲಾಬಾಲಿಕೆಯರು ಈಜಿನ ಸ್ಪರ್ಧೆಯ ಮನವಿಯೊಂದನ್ನು ಮುಂದಿಟ್ಟು, ಬಟ್ಟೆಯ ಮರೆಯಿಂದ ಪಿಸ್ತೂಲುಗಳನ್ನು ತೆಗೆದು ಮ್ಯಾಜಿಸ್ಟ್ರೇಟ್ ಸ್ಟೀವನ್ಸನನ್ನು ಕೊಂದರು. 1932ರ ಫೆಬ್ರವರಿ 6ರಂದು ಕಲ್ಕತ್ತೆಯ ಘಟಿಕೋತ್ಸವದಲ್ಲಿ ಪದವಿಯ ನಿಲುವಂಗಿಯೊಳಗಿಂದ ಬೀನಾ ದಾಸಳು ಹಾರಿಸಿದ ಐದು ಗುಂಡುಗಳಲ್ಲಿ ಒಂದೂ ಗವರ್ನರ್ ಜಾಕ್ಸನನಿಗೆ ತಗಲಲಿಲ್ಲ. ಕುಮಿಲ್ಲಾದ ಮೇಜಿನ ಅಂತರದಲ್ಲಿ ಮಕ್ಕಳ ಕೈಯೂ ತಪ್ಪಲಿಲ್ಲ, ಸಭಾಂಗಣದ ಅಂತರದಲ್ಲಿ ದೃಢಸಂಕಲ್ಪವೂ ಸಾಲದಾಯಿತು. ಕೈಚಳಕಕ್ಕಿಂತ ಸಾಮೀಪ್ಯವೇ ಹೆಚ್ಚೆಂಬುದು ಇಲ್ಲಿಯೂ ಸ್ಪಷ್ಟವಾಗುತ್ತದೆ. ಅವರ ಉದ್ದೇಶವು ದೇಶದ ವಿಮೋಚನೆಯಾಗಿದ್ದಿತು. ಆದರೆ ಆಯುಧಕ್ಕೆ ಉದ್ದೇಶವು ತಿಳಿಯದು.

1948ರ ಜನವರಿ 30ರ ಸಂಜೆ ಇದು ಎಲ್ಲರಿಗೂ ಮನದಟ್ಟಾಯಿತು. ಹತ್ತು ದಿನಗಳ ಹಿಂದೆಯಷ್ಟೇ ಬಿರ್ಲಾ ಭವನದಲ್ಲಿ ಬಾಂಬು ಸಿಡಿದಿದ್ದರೂ, ಪ್ರಾರ್ಥನೆಗೆ ಬರುವವರ ಮೈಯನ್ನು ಶೋಧಿಸಲು ಮಹಾತ್ಮರು ಒಪ್ಪಲಿಲ್ಲ. ದೇವರ ಸನ್ನಿಧಿಗೆ ಬರುವವನನ್ನು ಶಂಕಿಸುವುದು ಅವರಿಗೆ ಸಲ್ಲದ ಮಾತು. ಕೈಜೋಡಿಸಿ ಬಾಗಿದ ಗೋಡ್ಸೆಯ ಪಿಸ್ತೂಲಿನಿಂದ ಮೂರು ಗುಂಡುಗಳು ಹೊರಟವು. ಪ್ರತಾಪಗಡದಲ್ಲಿ ಆಲಿಂಗನವು ಮರೆಯಾದಂತೆ ಇಲ್ಲಿ ನಮಸ್ಕಾರವೇ ಮರೆಯಾಯಿತು.

ಕನ್ನಡನಾಡಿಗೆ ಈ ಗಾಯವು ಮನೆಯ ಹೊಸಿಲಿನಲ್ಲಿಯೇ ತಗಲಿದ್ದು 2015ರ ಆಗಸ್ಟ್ 30ರಂದು. ಶಾಸನಗಳನ್ನೋದಿ, ಹಸ್ತಪ್ರತಿಗಳನ್ನು ಶೋಧಿಸಿ, 'ಮಾರ್ಗ' ಸಂಪುಟಗಳಿಂದ ನಾಡಿನ ಇತಿಹಾಸವನ್ನು ಬೆಳಗಿದ ಡಾ. ಎಂ. ಎಂ. ಕಲಬುರ್ಗಿಯವರು ಧಾರವಾಡದ ಕಲ್ಯಾಣನಗರದ ತಮ್ಮ ಮನೆಯಲ್ಲಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ ನಿವೃತ್ತರಾಗಿದ್ದ ಅವರಿಗೆ ಆಗ 76 ವರ್ಷ. ಭಾನುವಾರದ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಪತ್ನಿಯು ಬಾಗಿಲನ್ನು ತೆರೆದರು. ಗುರುವನ್ನು ಕಾಣಬಂದ ವಿದ್ಯಾರ್ಥಿಯಂತೆ ತೋರಿದ ಅಪರಿಚಿತನು ಪಿಸ್ತೂಲನ್ನು ತೆಗೆದು ಹಣೆಗೆ ಗುಂಡಿಟ್ಟನು. ಅಪರಾಧದ ನಿರ್ಣಯವು ನ್ಯಾಯಾಸನಕ್ಕೆ ಸೇರಿದುದು. ಇತಿಹಾಸವು ನೋಡುವುದು ಆ ಬಾಗಿಲನ್ನು. ದೇವರಾಯನಿಗೆ ಆಸನವನ್ನೆತ್ತಿ ಹೊಡೆಯುವಷ್ಟು, ಶಿವಾಜಿಗೆ ಕವಚವನ್ನು ತೊಡುವಷ್ಟು ಕಾಲವಿದ್ದಿತು. ಪುಸ್ತಕಗಳ ನಡುವಣಿಂದ ಎದ್ದುಬಂದ ವೃದ್ಧ ಪಂಡಿತರಿಗೆ ನೀನಾರೆಂದು ಕೇಳುವಷ್ಟೂ ದೊರೆಯಲಿಲ್ಲ.

ಹಾಗೆಂದು ಬಂದವರ ಮಡಿಲನ್ನೆಲ್ಲ ಶೋಧಿಸಿ ಒಳಕ್ಕೆ ಕರೆಯೋಣವೆ? ಅರಸನಿಗೆ ಕೌಟಿಲ್ಯನು ವಿಧಿಸಿದ ಎಚ್ಚರಿಕೆಯು ಗುರುವಿನ ಮನೆಗೆ ಹೊಂದದು. ಸಂಶಯದಿಂದ ಕಾದ ಹೊಸಿಲನ್ನು ಕೊಲೆಗಾರನು ಹೇಗೋ ದಾಟಿಯಾನು. ಸಂಕೋಚದಿಂದ ಬರುವ ಬಡ ವಿದ್ಯಾರ್ಥಿಯು ದಾಟಲಾರನು. ನಮ್ಮ ಪಾಠಶಾಲೆಗಳೂ ಮನೆಯ ಜಗಲಿಗಳೂ ಇಷ್ಟು ಕಾಲ ನಡೆದುಬಂದುದು ಬಾಗಿಲನ್ನು ತೆರೆದಿಟ್ಟವರಿಂದ. ಅದನ್ನು ತೆರೆದೇ ಇಟ್ಟುಕೊಂಡು, ಮಾತಿಗೆ ಮಾತಿನಿಂದಲೇ ಉತ್ತರ ಕೊಡುವುದನ್ನು ಮಕ್ಕಳಿಗೆ ಕಲಿಸುವುದು ಉಳಿದವರ ಪಾಲಿಗೆ ಬಂದಿರುವ ಕೆಲಸ.