ದಂಡಿನ ದರ್ಜಿ, ಪರದೇಶದ ಮೇಷ್ಟರು

ಶಿವಾಜಿನಗರದ ಒಂದು ಹಳೆಯ ಮನೆಯ ಬೀರುವಿನಲ್ಲಿ ಕಪ್ಪು ಸೂಟೊಂದು ತೂಗುತ್ತಿದೆ. ನುಸಿಗುಳಿಗೆಯ ವಾಸನೆ ಬಿಟ್ಟರೆ ಅದು ಇಂದಿಗೂ ಹೊಸದರಂತೆಯೇ ಇದೆ. ಮದುವೆಗೆಂದು ಹೊಲಿಸಿದ್ದಲ್ಲ ಅದು. ಎಪ್ಪತ್ತರ ದಶಕದ ಕೊನೆಯಲ್ಲಿ ನೈಜೀರಿಯಾಕ್ಕೆ ಗಣಿತದ ಮೇಷ್ಟರಾಗಿ ಹೊರಟ ಆ ಮನೆಯ ಹಿರಿಯರು ಸಾಲ ಮಾಡಿ ಹೊಲಿಸಿದ್ದು. ನಮಗೆ ಅವರು ಹೇಳಿದ ಲೆಕ್ಕ ಸರಳವಾಗಿತ್ತು. ಅದನ್ನು ಅವರು ತೊಟ್ಟಿದ್ದು ಎರಡೇ ಸಲ: ಹೊರಡುವ ಮುನ್ನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಾಗ ಒಮ್ಮೆ, ಅಲ್ಲಿ ಶಾಲೆಗೆ ಹಾಜರಾದ ದಿನ ಇನ್ನೊಮ್ಮೆ. ಎರಡನೆಯ ಸಲ ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ತೊಯ್ದುಹೋಗಿದ್ದರಂತೆ. ಸಾಲ ತೀರಲು ಮಾತ್ರ ಎಂಟು ತಿಂಗಳು ಹಿಡಿಯಿತು.

ಬೇಡವೆಂದು ಅವರಿಗೂ ಅನ್ನಿಸಿತ್ತು. ಆದರೆ ಬಟ್ಟೆ ಅಳೆಯುತ್ತಿದ್ದ ದರ್ಜಿ ಬಿಡಲಿಲ್ಲ. "ಮಾಸ್ಟರ್ ಸಾಬ್, ಪಾಠ ಕೇಳೋಕೆ ಮೊದಲು ಜನ ನಿಮ್ಮ ಕೋಟು ನೋಡ್ತಾರೆ" ಎಂದನಂತೆ. ಆ ದರ್ಜಿಯ ಮಾತನ್ನು ಬರಿಯ ವ್ಯಾಪಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಈ ಊರಿನ ನೂರೈವತ್ತು ವರ್ಷಗಳಿಗೂ ಮೀರಿದ ಅನುಭವವಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯ 1809ರಲ್ಲಿ ಹಲಸೂರಿನ ಕಡೆಗೆ ಬಂತು. ಸೈನ್ಯದ ಜೊತೆ ಅದರ ಹೊಟ್ಟೆಬಟ್ಟೆ ನೋಡಿಕೊಳ್ಳುವವರೂ ಬಂದರು: ಕಟುಕರು, ಅಗಸರು, ಚಮ್ಮಾರರು, ದರ್ಜಿಗಳು, ಗುತ್ತಿಗೆದಾರರು. ತಮಿಳು ಮಾತಾಡುವವರು, ದಖ್ಖನಿ ಮಾತಾಡುವವರು, ಮುಂದೆ ಕಚ್ಛೀ ಮೇಮನ್ ವರ್ತಕರು. ಹಾಜಿ ಸರ್ ಇಸ್ಮಾಯಿಲ್ ಸೇಠರು ಯುರೋಪಿಯನ್ನರಿಗೆಂದು ನಡೆಸುತ್ತಿದ್ದ ಅಂಗಡಿಯ ಹೆಸರೇ 'ಇಂಗ್ಲಿಷ್ ವೇರ್‌ಹೌಸ್'. ಬ್ಲ್ಯಾಕ್‌ಪಲ್ಲಿ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಶಿವಾಜಿನಗರ, ಅದರ ಅಂಚಿನ ಕಮರ್ಷಿಯಲ್ ಸ್ಟ್ರೀಟ್, ಇವೆಲ್ಲ ಬೆಳೆದದ್ದು ದಂಡಿನ ಅಗತ್ಯಗಳಿಂದ. ಸಿಪಾಯಿಯ ಸಮವಸ್ತ್ರ ಬೇರೆ, ಅಧಿಕಾರಿಯ ಮೆಸ್ ಉಡುಪು ಬೇರೆ, ರಾತ್ರಿಯ ಊಟಕ್ಕೆ ಬೇರೆ, ಚರ್ಚಿಗೆ ಬೇರೆ. ಯಾವ ಹೊತ್ತಿಗೆ ಯಾವ ಬಟ್ಟೆ ಎಂಬ ಶಾಸ್ತ್ರವನ್ನು ದೊರೆಗಳಿಗಿಂತ ಚೆನ್ನಾಗಿ ತಿಳಿದಿದ್ದವರು ಅದನ್ನು ಹೊಲಿಯುತ್ತಿದ್ದ ದರ್ಜಿಗಳು. ತಪ್ಪು ಬಟ್ಟೆ ತೊಟ್ಟವನಿಗೆ ಏನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಗಾಂಧೀಜಿಗೂ ಆ ಪಾಠ ದುಬಾರಿಯಾಗಿಯೇ ಸಿಕ್ಕಿತು. 1888ರಲ್ಲಿ ಬ್ಯಾರಿಸ್ಟರ್ ಓದಲು ಹೊರಟಾಗ ಇಂಗ್ಲೆಂಡಿನಲ್ಲಿ ಇಳಿಯುವ ದಿನಕ್ಕೆಂದೇ ಬಿಳಿ ಫ್ಲಾನೆಲ್ ಸೂಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಇಳಿದು ನೋಡಿದರೆ ಆ ಚಳಿಗಾಲದ ಹೊಸ್ತಿಲಿನಲ್ಲಿ ಬಿಳಿ ತೊಟ್ಟವರು ಅವರೊಬ್ಬರೇ. ಪೆಟ್ಟಿಗೆಗಳೂ ಬೀಗದ ಕೈಗಳೂ ಏಜೆಂಟರ ವಶದಲ್ಲಿ, ಮರುದಿನ ಭಾನುವಾರ. ನಾಚಿಕೆಯಿಂದ ಕುಗ್ಗಿದ್ದನ್ನು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಐದು ವರ್ಷದ ನಂತರ ಡರ್ಬನ್ನಿನ ನ್ಯಾಯಾಲಯದಲ್ಲಿ ಪರಿಸ್ಥಿತಿ ತಿರುಗುಮುರುಗು. ಅಲ್ಲಿ ಕೋಟು ಸರಿಯಾಗಿಯೇ ಇತ್ತು, ತಲೆಯ ಮೇಲಿನ ಪೇಟ ಮ್ಯಾಜಿಸ್ಟ್ರೇಟನಿಗೆ ಹಿಡಿಸಲಿಲ್ಲ. ತೆಗೆಯಲು ಹೇಳಿದಾಗ ಗಾಂಧೀಜಿ ಒಪ್ಪದೆ ಹೊರನಡೆದರು. ಒಂದೇ ಮನುಷ್ಯ, ಎರಡು ಊರು. ಒಂದು ಕಡೆ ಹೊಂದಿಕೊಳ್ಳಲು ತವಕಪಟ್ಟು ಸೋತರು, ಇನ್ನೊಂದು ಕಡೆ ಹೊಂದಿಕೊಳ್ಳುವುದಿಲ್ಲ ಎಂದು ಹೊರಬಂದರು.

ನಮ್ಮ ಮೈಸೂರು ಸಂಸ್ಥಾನದ ಮೇಷ್ಟರುಗಳು ಈ ಇಕ್ಕಟ್ಟಿಗೆ ತಮ್ಮದೇ ಆದ ದಾರಿ ಹುಡುಕಿಕೊಂಡಿದ್ದರು. ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜುಗಳ ಹಳೆಯ ಗುಂಪುಚಿತ್ರಗಳನ್ನು ನೋಡಿರಿ. ಮುಚ್ಚುಗೊರಳಿನ ಉದ್ದ ಕೋಟು, ಕಚ್ಚೆಪಂಚೆ ಅಥವಾ ಷರಾಯಿ, ತಲೆಯ ಮೇಲೆ ಜರಿಪೇಟ. ಕೋಟು ಸಾಹೇಬರದು, ಪೇಟ ನಮ್ಮದು. ಬೆಂಗಳೂರಿನಲ್ಲಿ ಹುಟ್ಟಿ, 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪ್ರಸಿದ್ಧ ಚಿತ್ರಗಳಲ್ಲಿಯೂ ಇದೇ ಮೈಸೂರು ಪೇಟವಿದೆ. ಪೇಟ ಕಟ್ಟಿದ ಮುಸ್ಲಿಮನನ್ನು ನೋಡಿ ಆಗ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅದು ಜಾತಿಮತದ ಗುರುತಾಗಿರದೆ ರಾಜ್ಯದ ಗುರುತಾಗಿತ್ತು.

ಉತ್ತರದಲ್ಲಿ ಅಲೀಗಢದವರದು ಬೇರೆ ದಾರಿ. 1869ರಲ್ಲಿ ಇಂಗ್ಲೆಂಡಿಗೆ ಹೋಗಿಬಂದ ಸರ್ ಸೈಯದ್ ಅಹ್ಮದ್ ಖಾನರು ತುರ್ಕಿ ಮಾದರಿಯ ಕೋಟು ಮತ್ತು ಕೆಂಪು ಟೋಪಿಯನ್ನು ಮೆಚ್ಚಿದರು. ಮುಂದೆ ಶೇರ್ವಾನಿ ಅಲೀಗಢದ ವಿದ್ಯಾರ್ಥಿಯ ಗುರುತಾಯಿತು. ಹೈದರಾಬಾದಿನ ಉಸ್ಮಾನಿಯಾದಲ್ಲೂ ಅದೇ. ನಮ್ಮ ದಂಡಿನ ಪ್ರದೇಶದ ಉರ್ದು ಮೇಷ್ಟರುಗಳ ಮೈಮೇಲೂ ಬಹಳ ಕಾಲ ಶೇರ್ವಾನಿ ಇತ್ತು. ಈಗ ಅದು ಮದುಮಗನ ಬಾಡಿಗೆ ಬಟ್ಟೆಯಾಗಿದೆ, ಆ ಮಾತು ಬೇರೆ.

ಪೇಟವನ್ನು ಪರದೇಶದ ತರಗತಿಗೆ ಹೊತ್ತೊಯ್ದವರಲ್ಲಿ ಎಲ್ಲರಿಗೂ ನೆನಪಾಗುವವರು ಡಾ. ಎಸ್. ರಾಧಾಕೃಷ್ಣನ್. 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದವರು 1936ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಪಾಲ್ಡಿಂಗ್ ಪ್ರಾಧ್ಯಾಪಕರಾದರು. ಅವರನ್ನು ಜಗತ್ತು ಗುರುತಿಸುವುದೇ ಉದ್ದ ಕೋಟು ಮತ್ತು ಬಿಳಿ ಪೇಟದಿಂದ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆಕ್ಸ್‌ಫರ್ಡ್ ತಾನಾಗಿ ಕರೆದ ವಿದ್ವಾಂಸನಿಗೆ ಪೇಟ ಕಿರೀಟವಾಗುತ್ತದೆ. ಎರಡು ವರ್ಷದ ಕರಾರಿನ ಮೇಲೆ ಹಳ್ಳಿಯ ಶಾಲೆಗೆ ಹೊರಟ ಬಿ.ಎಡ್. ಮೇಷ್ಟರಿಗೆ ಅದೇ ಧೈರ್ಯ ಎಲ್ಲಿಂದ ಬರಬೇಕು? ನಮಗೆ ಈ ಎರಡನೆಯವರ ಪೆಟ್ಟಿಗೆಯ ಬಗ್ಗೆಯೇ ಹೆಚ್ಚು ಕುತೂಹಲ.

ಇವರ ಕಾಲ ಶುರುವಾದದ್ದು ಸ್ವಾತಂತ್ರ್ಯದ ನಂತರ. 1947ರ ಜುಲೈಯಲ್ಲಿ ದಂಡು ಪ್ರದೇಶ ಮರಳಿ ಮೈಸೂರಿಗೆ ಸೇರಿತು. ದೊರೆಗಳು ಹೋದರು, ಅವರಿಗಾಗಿ ಬೆಳೆದ ಇಂಗ್ಲಿಷ್ ಶಾಲೆಗಳು ಉಳಿದವು. ಅಲ್ಲಿ ಕಲಿತು ಅಲ್ಲೇ ಕಲಿಸಿದವರಿಗೆ ಹೊರಗೆ ಬೇಡಿಕೆ ಬಂತು. ಹೈಲೆ ಸೆಲಾಸ್ಸಿಯ ಇಥಿಯೋಪಿಯಾ ಐವತ್ತು ಅರವತ್ತರ ದಶಕಗಳಲ್ಲಿ ತನ್ನ ಶಾಲೆಗಳಿಗೆ ಭಾರತದಿಂದ ಮೇಷ್ಟರನ್ನು ಕರೆಸಿಕೊಂಡಿತು. ಕೇರಳದವರು ದೊಡ್ಡ ಸಂಖ್ಯೆಯಲ್ಲಿ ಹೋದರು. ನೈಜೀರಿಯಾ 1976ರಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣದ ಯೋಜನೆ ಆರಂಭಿಸಿದಾಗ ತೈಲದ ಹಣವಿತ್ತು, ಮೇಷ್ಟರಿರಲಿಲ್ಲ. ದಂಡು ನಿಲ್ದಾಣದಲ್ಲಿ ಟ್ರಂಕು ಹೋಲ್ಡಾಲುಗಳ ಸಮೇತ ರೈಲು ಹತ್ತಿ, ಕೆ.ಆರ್. ಪುರದ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತ ಹೊರಟವರ ಮನಸ್ಸಿನಲ್ಲಿ ಏನಿದ್ದಿರಬಹುದು? ತಂಗಿಯ ಮದುವೆ, ಮನೆಯ ಸಾಲ, ಮಿಕ್ಕರೆ ಒಂದು ನಿವೇಶನ.

ಪೆಟ್ಟಿಗೆ ತುಂಬುವಾಗ ನಡೆಯುತ್ತಿದ್ದ ತಪ್ಪುಗಳಲ್ಲಿ ಮೊದಲನೆಯದು ಭೂಗೋಳದ್ದು. ಆಫ್ರಿಕಾ ಎಂದರೆ ಬಿಸಿಲು, ಉಣ್ಣೆ ಏಕೆ ಎಂಬ ಎಣಿಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ಅಡಿಸ್ ಅಬಾಬಾ 2,300 ಮೀಟರಿಗಿಂತ ಮೇಲಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ, ಅದರ ಮೇಲೆ ಚಳಿ. ಅಲ್ಲಿ ಉಣ್ಣೆಯ ಕೋಟು ಗತ್ತಿಗಲ್ಲ, ಮೈಗೆ ಬೇಕಿತ್ತು. ಉತ್ತರ ನೈಜೀರಿಯಾದಲ್ಲಿ ಇದಕ್ಕೆ ವಿರುದ್ಧ. ಬೇಸಿಗೆಯ ಬಿಸಿಲು ಒಂದು ಕಡೆ, ನವೆಂಬರಿನ ನಂತರ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು ಇನ್ನೊಂದು ಕಡೆ. ಕಪ್ಪು ಕೋಟು ಅರ್ಧ ಗಂಟೆಯಲ್ಲಿ ಬೂದಿಬಣ್ಣ. ಇನ್ನು ಕಾನೋದಂಥ ಊರಿನಲ್ಲಿ ಶುಕ್ರವಾರ ಮಸೀದಿಗೆ ಬರುವ ಗೌರವಸ್ಥರು ತೊಡುತ್ತಿದ್ದದ್ದು ನೆಲ ಮುಟ್ಟುವ ಅಗಲವಾದ ನಿಲುವಂಗಿ ಮತ್ತು ಕಸೂತಿ ಟೋಪಿ. ಅಲ್ಲಿಯ ಘನತೆಯ ಉಡುಪು ಅದು. ಸಾಲದ ಸೂಟನ್ನು ಮೆಚ್ಚಲು ಅಲ್ಲಿ ಕಾದು ಕುಳಿತವರಿರಲಿಲ್ಲ.

ಎರಡನೆಯ ತಪ್ಪು ರಾಜಕೀಯದ್ದು. ದಂಡಿನ ದರ್ಜಿಗೆ ಗೊತ್ತಿದ್ದ ಜಗತ್ತು ದೊರೆಗಳ ಜಗತ್ತು. ಅಷ್ಟರಲ್ಲಿ ಆಫ್ರಿಕಾ ತನ್ನ ದೊರೆಗಳನ್ನು ಕಳಿಸಿಕೊಟ್ಟು ಅವರ ಬಟ್ಟೆಯ ಬಗ್ಗೆಯೂ ಪ್ರಶ್ನೆ ಕೇಳತೊಡಗಿತ್ತು. ಜಾಂಬಿಯಾದ ಅಧ್ಯಕ್ಷ ಕೆನೆತ್ ಕೌಂಡ ಟೈ ಬಿಟ್ಟು ತೊಡುತ್ತಿದ್ದ ಸಫಾರಿ ಮಾದರಿಯ ಉಡುಪಿಗೆ ಅವರದೇ ಹೆಸರು ಬಂದು, ಕಚೇರಿ ಶಾಲೆಗಳಿಗೆ ಅದು ಸಾಕೆನಿಸಿತು. ಜೈರೆಯಲ್ಲಿ ಮೊಬುಟು ಇನ್ನೂ ಮುಂದೆ ಹೋಗಿ 1972ರಲ್ಲಿ ತನ್ನ ಪ್ರಜೆಗಳು ಸೂಟು ಟೈ ತೊಡುವುದನ್ನೇ ನಿಷೇಧಿಸಿದ. ಅದರ ಬದಲಿಗೆ ಬಂದ ಅಂಗಿಯ ಹೆಸರು 'ಅಬಾಕೋಸ್ಟ್', ಸೂಟಿಗೆ ಧಿಕ್ಕಾರ ಎಂಬ ಫ್ರೆಂಚ್ ಮಾತಿನಿಂದ ಹುಟ್ಟಿದ್ದು. ಪ್ಯಾರಿಸ್ಸಿನಲ್ಲಿ ಸೂಟು ಹೊಲಿಸುವುದು ಬೇಡ ಎಂದ ಸರ್ವಾಧಿಕಾರಿ ದೇಶದ ಬೊಕ್ಕಸವನ್ನು ಮಾತ್ರ ಯುರೋಪಿನ ಬ್ಯಾಂಕುಗಳಿಗೆ ಸಾಗಿಸಿದ. ಬಟ್ಟೆ ಬದಲಾದ ಮಾತ್ರಕ್ಕೆ ಆಳುವವನ ಬುದ್ಧಿ ಬದಲಾಗಲಿಲ್ಲ. ಇರಾನಿನಲ್ಲೂ 1979ರ ಕ್ರಾಂತಿಯ ನಂತರ ಟೈ ಪರಕೀಯರ ಗುರುತೆನಿಸಿ ಸರ್ಕಾರಿ ಕಚೇರಿಗಳಿಂದ ಮಾಯವಾಯಿತು. ಹತ್ತಾರು ವರ್ಷ ಮರ್ಯಾದೆಯ ಗುರುತಾಗಿದ್ದದ್ದು ಒಂದು ಬೆಳಗಿಗೆ ಸಂಶಯದ ಗುರುತಾಗಬಹುದಿತ್ತು.

ಇಂಥ ಕಾಲದಲ್ಲಿ ನಮ್ಮವರನ್ನು ಕಾಪಾಡಿದ್ದು ಟೆರಿಕಾಟ್ ಸಫಾರಿ ಸೂಟು. ಅರ್ಧ ತೋಳು, ನಾಲ್ಕು ಜೇಬು, ಇಸ್ತ್ರಿಯ ಹಂಗಿಲ್ಲ, ಬೆಲೆ ಸೂಟಿನ ಒಂದು ಪಾಲು. ಸೌಂದರ್ಯದ ಮಾತು ಬೇಡ. ಆ ತಿಳಿನೀಲಿ, ಬಿಸ್ಕತ್ತು ಬಣ್ಣಗಳನ್ನು ನೆನೆದರೆ ಈಗ ನಮಗೆ ನಗು ಬರುತ್ತದೆ. ಆದರೆ ಕರಾರಿನ ಮೇಲೆ ಹೋದ ಮೇಷ್ಟರಿಗೆ ಅದಕ್ಕಿಂತ ಪ್ರಾಮಾಣಿಕವಾದ ಉಡುಪು ಮತ್ತೊಂದು ಇರಲಿಲ್ಲ.

ಹೆಂಗಸರ ಪೆಟ್ಟಿಗೆಯಲ್ಲಿ ಈ ಕೋಟಿನ ಜಗಳವೇ ಇರಲಿಲ್ಲ. ಸೀರೆ ಮನೆಗೂ ಆಯಿತು, ತರಗತಿಗೂ ಆಯಿತು, ರಾಯಭಾರ ಕಚೇರಿಯ ಸಮಾರಂಭಕ್ಕೂ ಆಯಿತು. ಅಳತೆ ಬೇಡ, ಮಡಚಿಟ್ಟರೆ ಆರು ಸೀರೆಗಳು ಒಂದು ಸೂಟಿನ ಜಾಗದಲ್ಲಿ ಕೂರುತ್ತವೆ. ಅವರ ಕಷ್ಟ ಬೇರೆಯದು: ಕೆಸರಿನ ರಸ್ತೆಯಲ್ಲಿ ಅಂಚು, ಚಳಿಯಲ್ಲಿ ಸೊಂಟ. ಕೊಲ್ಲಿಯಲ್ಲಿ ಭಾರತೀಯರದೇ ಶಾಲೆಗಳು ಬೆಳೆದ ಮೇಲೆ (ಬಹರೈನಿನದು 1950ರಷ್ಟು ಹಿಂದಿನದು) ಸೀರೆಯುಟ್ಟು ಪಾಠ ಹೇಳುವ ಶಿಕ್ಷಕಿ ಅಲ್ಲಿ ಪರಿಚಿತ ದೃಶ್ಯವಾದಳು. ಸೌದಿಯಲ್ಲಿ ಮಾತ್ರ ಶಾಲೆಯ ಬಾಗಿಲಿನವರೆಗೆ ಸೀರೆಯ ಮೇಲೊಂದು ಅಬಾಯಾ ಬೇಕಿತ್ತು. 2019ರಲ್ಲಿ ಪ್ರವಾಸಿಗಳಿಗೆ ವೀಸಾ ತೆರೆದಾಗ ವಿದೇಶಿ ಮಹಿಳೆಯರಿಗೆ ಅದು ಕಡ್ಡಾಯವಲ್ಲ, ಉಡುಪು ಸಭ್ಯವಾಗಿದ್ದರೆ ಸಾಕು ಎಂದು ಅಲ್ಲಿಯ ಸರ್ಕಾರ ಹೇಳಿತು.

ಎಂಬತ್ತರ ದಶಕದಲ್ಲಿ ತೈಲದ ಬೆಲೆ ಕುಸಿದು ನೈಜೀರಿಯಾದ ನೈರಾ ಸೊರಗಿದಾಗ ಅಲ್ಲಿದ್ದ ಬಹಳಷ್ಟು ಮೇಷ್ಟರು ಮರಳಿದರು. ನಾವು ಹೇಳಿದ ಹಿರಿಯರೂ ಬಂದರು. ಪಾಠದ ಟಿಪ್ಪಣಿಗಳಿದ್ದ ಎರಡು ಟ್ರಂಕುಗಳನ್ನು ಅಲ್ಲೇ ಬಿಟ್ಟು ಕೋಟನ್ನು ಏಕೆ ಹೊತ್ತು ತಂದಿರಿ ಎಂದು ಒಮ್ಮೆ ಕೇಳಿದೆವು. "ಫೋಟೋದಲ್ಲಿ ಇತ್ತಲ್ಲ, ಅಮ್ಮ ಕೇಳಿದರೆ ಏನು ಹೇಳಲಿ?" ಎಂದರು. ಆ ಫೋಟೋ ಅವರ ತಾಯಿಯ ಹಾಸಿಗೆಯ ಪಕ್ಕದಲ್ಲಿ ಏಳು ವರ್ಷ ಇತ್ತು. ಕೋಟು ಹೊಲಿದದ್ದು ನೈಜೀರಿಯಾದವರಿಗಾಗಿ ಎಂದು ನಾವು ಅಲ್ಲಿಯವರೆಗೆ ಭಾವಿಸಿದ್ದೆವು.

2023ರಲ್ಲಿ ಇಂಗ್ಲೆಂಡ್ ತನ್ನಲ್ಲಿ ಕಲಿಸುವ ಅರ್ಹತೆಗೆ ಭಾರತದ ಶಿಕ್ಷಕರೂ ನೇರವಾಗಿ ಅರ್ಜಿ ಹಾಕಬಹುದೆಂದು ದಾರಿ ತೆರೆಯಿತು. ಗಣಿತ, ವಿಜ್ಞಾನ, ಭಾಷೆಗಳಿಗೆ ಅಲ್ಲಿ ಮೇಷ್ಟರ ಕೊರತೆ. ಅದೇ ಮನೆಯ ಮೊಮ್ಮಗಳು, ಅಜ್ಜನಂತೆಯೇ ಗಣಿತದವಳು, ಹೊರಟು ನಿಂತಳು. ಬೀರುವಿನ ಕೋಟನ್ನು ಬಿಚ್ಚಿ ತನ್ನ ಅಳತೆಗೆ ಹೊಲಿಸಬಹುದೇ ಎಂದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗೆ ಒಯ್ದಳು. ದರ್ಜಿ ಒಳಗಿನ ಅಸ್ತರನ್ನು ಉಜ್ಜಿ ನೋಡಿ, "ಬಟ್ಟೆ ಗಟ್ಟಿ ಇದೆ ಬೇಟಿ, ಅಸ್ತರು ಸತ್ತಿದೆ" ಎಂದು ವಾಪಸು ಕೊಟ್ಟ. ಅಲ್ಲಿ ಶಿಕ್ಷಕರ ಉಡುಪಿಗೆ ದೇಶಕ್ಕೆಲ್ಲ ಒಂದೇ ನಿಯಮವಿಲ್ಲ, ಆಯಾ ಶಾಲೆ ತೀರ್ಮಾನಿಸುತ್ತದೆ. ಆದ್ದರಿಂದ ಅವಳು ಅಜ್ಜ ಮಾಡದ ಕೆಲಸ ಮಾಡಿದಳು, ಶಾಲೆಯವರನ್ನೇ ಕೇಳಿದಳು. ಅಚ್ಚುಕಟ್ಟಾದ ಬಟ್ಟೆ ಸಾಕು, ದಿನವಿಡೀ ನಿಲ್ಲಬೇಕಾದೀತು, ಒಳ್ಳೆಯ ಬೂಟು ತನ್ನಿ ಎಂದು ಉತ್ತರ ಬಂತು.

ಅಮ್ಮನಿಗೆ ಸಮಾಧಾನವಾಗಲಿಲ್ಲ. ಕೊನೆಗೊಂದು ಬ್ಲೇಜರ್ ಹೊಲಿಸಿದರು. ಪೆಟ್ಟಿಗೆಯ ತೂಕ ಆಗಲೇ ಮೀರಿತ್ತು. ದೇವನಹಳ್ಳಿಯಲ್ಲಿ ಅದನ್ನು ಮೈಮೇಲೆ ಹಾಕಿಕೊಂಡೇ ಒಳಗೆ ಹೋದಳು.