ಲಿಂಕನ್ ತಾಯಿಯ ಸಮಾಧಿ: ಕಾಡಿನಲ್ಲಿ ಮರೆಯಾಗಿದ್ದ ದಿಬ್ಬ
ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣ ಭಾಗದಲ್ಲಿ, ಲಿಂಕನ್ ಸಿಟಿ ಎಂಬಲ್ಲಿ, ಮರಗಳ ನಡುವಿನ ದಿಬ್ಬದ ಮೇಲೆ ಪುಟ್ಟ ಸಮಾಧಿಸ್ಥಳವೊಂದಿದೆ. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಲಿಂಕನ್ ಮಣ್ಣಾಗಿರುವುದು ಇಲ್ಲಿಯೇ.

1816ರಲ್ಲಿ ಕೆಂಟಕಿಯಿಂದ ವಲಸೆ ಬಂದ ಕುಟುಂಬವು ಕಾಡು ಕಡಿದು ಹೊಲ ಮಾಡಿಕೊಂಡಿತ್ತು. ಎರಡೇ ವರ್ಷಗಳಲ್ಲಿ 'ಹಾಲಿನ ಕಾಯಿಲೆ' ಹಬ್ಬಿತು. ವೈಟ್ ಸ್ನೇಕ್‌ರೂಟ್ ಎಂಬ ಕಾಡುಗಿಡವನ್ನು ಮೇಯ್ದ ಹಸುಗಳ ಹಾಲಿನಿಂದ ವಿಷವು ಮನುಷ್ಯರನ್ನು ಸೇರುತ್ತಿತ್ತು. ಅಂದಿನವರಿಗೆ ಈ ಕಾರಣ ತಿಳಿದಿರಲಿಲ್ಲ. ಬಂಧುಗಳಾದ ಥಾಮಸ್ ಮತ್ತು ಎಲಿಜಬೆತ್ ಸ್ಪ್ಯಾರೋ ದಂಪತಿ ಮೊದಲು ಬಲಿಯಾದರು. 1818ರ ಅಕ್ಟೋಬರ್ 5ರಂದು ನ್ಯಾನ್ಸಿ ನಿಧನರಾದಾಗ ಅವರಿಗೆ 34 ವರ್ಷ, ಮಗನಿಗೆ 9. ಬಡಗಿಯಾಗಿದ್ದ ಪತಿಯೇ ಶವಪೆಟ್ಟಿಗೆ ಮಾಡಿದರು. ಅದರ ಮರದ ಮೊಳೆಗಳನ್ನು ಬಾಲಕ ಅಬ್ರಹಾಂ ಕೆತ್ತಿಕೊಟ್ಟನೆಂಬುದು ಪ್ರತೀತಿ.

1830ರಲ್ಲಿ ಕುಟುಂಬ ಇಲಿನಾಯ್‌ಗೆ ಹೊರಟಿತು. ಸತ್ತವರನ್ನು ಹಿಂದೆ ಬಿಟ್ಟು ಮುಂದೆ ಸಾಗುವುದು ಅಂದಿನ ವಲಸಿಗರಿಗೆ ಅನಿವಾರ್ಯವೇ ಆಗಿತ್ತು. ದಿಬ್ಬವನ್ನು ಪೊದೆಗಳು ಮುಚ್ಚಿದವು. ದೇಶವನ್ನಾಳಿದ ಮಗ 1865ರಲ್ಲಿ ಹತ್ಯೆಗೀಡಾದಾಗಲೂ ತಾಯಿಯ ಗೋರಿಗೆ ಹೆಸರು ಕೆತ್ತಿದ ಕಲ್ಲಿರಲಿಲ್ಲ. ಈಗಿರುವ ಸ್ಮಾರಕಶಿಲೆಯನ್ನು 1879ರಲ್ಲಿ ನೆಡಿಸಿದವರು ಬಂಡಿ ತಯಾರಿಕೆಯ ಉದ್ಯಮಿ ಪೀಟರ್ ಸ್ಟುಡ್‌ಬೇಕರ್. ಅದು ನಿಂತ ಜಾಗವೂ ಅಂದಾಜಿನದೇ. 1962ರಲ್ಲಿ ಈ ನೆಲ ರಾಷ್ಟ್ರೀಯ ಸ್ಮಾರಕವಾಯಿತು. ಸುತ್ತಲಿನ ಹಲವು ಗೋರಿಗಳು ಯಾರವೆಂಬ ಗುರುತು ಇಂದಿಗೂ ಇಲ್ಲ.